ಕೋಚ್ ಆಗಿದ್ದ ಸರ್ಜನ್: ಚಾರ್ಲ್ಸ್ ಡ್ರೂ ಅವರ ಬದುಕು

ಮಿತ್ರರೇ,

ವೈದ್ಯಕೀಯ ವಿದ್ಯಾರ್ಥಿಗಳೂ ಕ್ರೀಡಾಪಟುಗಳೂ ಒಟ್ಟಿಗೆ ಕೂತಿರುವ ಸಭೆಯಲ್ಲಿ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ನನಗೆ ಹೊಳೆದ ಹೆಸರು ಚಾರ್ಲ್ಸ್ ರಿಚರ್ಡ್ ಡ್ರೂ ಅವರದು. 1904ರಲ್ಲಿ ಹುಟ್ಟಿ 1950ರಲ್ಲಿ ತೀರಿಕೊಂಡ ಈ ಅಮೆರಿಕನ್ ಸರ್ಜನ್ ಬಗ್ಗೆ ಅಲ್ಪಸ್ವಲ್ಪ ಕೇಳಿಬಲ್ಲವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಹೇಳುತ್ತಾರೆ. ರಕ್ತನಿಧಿಯನ್ನು ಕಂಡುಹಿಡಿದವರು ಅವರೇ ಎಂಬುದು ಮೊದಲನೆಯದು. ಅಂಥವರೇ ಅಪಘಾತದಲ್ಲಿ ಗಾಯಗೊಂಡಾಗ, ಕಪ್ಪು ಜನಾಂಗದವರೆಂಬ ಒಂದೇ ಕಾರಣಕ್ಕೆ ಬಿಳಿಯರ ಆಸ್ಪತ್ರೆ ರಕ್ತ ಕೊಡಲು ನಿರಾಕರಿಸಿ ಅವರನ್ನು ಸಾಯಲು ಬಿಟ್ಟಿತು ಎಂಬುದು ಎರಡನೆಯದು. ಮೊದಲನೆಯದು ಉತ್ಪ್ರೇಕ್ಷೆ, ಎರಡನೆಯದು ಸುಳ್ಳು. ಈ ಎರಡು ಕಥೆಗಳ ಗದ್ದಲದಲ್ಲಿ, ಡ್ರೂ ಅವರು ತಮ್ಮ ಬದುಕಿನ ಮುಖ್ಯ ಕೆಲಸವೆಂದು ತಿಳಿದಿದ್ದ ವಿಷಯ ಮರೆಯಾಗಿಬಿಟ್ಟಿದೆ. ಅವರು ಮೂಲತಃ ಒಬ್ಬ ಕೋಚ್ ಎಂಬುದು, ಆಟದ ಮೈದಾನದಲ್ಲಿ ಆರಂಭವಾದ ಆ ಗುಣವೇ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಪೂರ್ಣ ರೂಪಕ್ಕೆ ಬಂದಿತು ಎಂಬುದು ಇಂದಿನ ನನ್ನ ವಾದ.

ಡ್ರೂ ಹುಟ್ಟಿದ್ದು ವಾಷಿಂಗ್ಟನ್ ನಗರದಲ್ಲಿ. ತಂದೆ ರಿಚರ್ಡ್ ಡ್ರೂ ಮನೆಗಳಿಗೂ ಕಚೇರಿಗಳಿಗೂ ನೆಲಹಾಸು ಹಾಸುವ ಕಸುಬಿನವರು. ತಾಯಿ ನೋರಾ ಶಿಕ್ಷಕಿಯ ತರಬೇತಿ ಪಡೆದವರು. ಐವರು ಮಕ್ಕಳಲ್ಲಿ ಚಾರ್ಲ್ಸ್ ಹಿರಿಯರು. ಬಡತನವಲ್ಲದ, ಸಿರಿತನವೂ ಅಲ್ಲದ ಮನೆ. ಹುಡುಗ ಪತ್ರಿಕೆ ಮಾರಿದ, ಈಜಿನಲ್ಲಿ ಪದಕ ಗೆದ್ದ, ಕಪ್ಪು ಮಕ್ಕಳಿಗೆಂದೇ ಇದ್ದು ಓದಿಗೆ ಇಡೀ ದೇಶದಲ್ಲಿ ಹೆಸರಾಗಿದ್ದ ಡನ್ಬಾರ್ ಹೈಸ್ಕೂಲಿನಲ್ಲಿ ಕಲಿತ. 1920ರಲ್ಲಿ ತಂಗಿ ಎಲ್ಸಿ ಕ್ಷಯ ಮತ್ತು ಇನ್‌ಫ್ಲುಯೆಂಜಾಗಳಿಂದ ತೀರಿಕೊಂಡಳು. ವೈದ್ಯಕೀಯದ ಕಡೆಗೆ ಡ್ರೂ ಅವರ ಮನಸ್ಸು ತಿರುಗಲು ಆ ಸಾವು ಒಂದು ಕಾರಣವೆಂದು ಅವರ ಬದುಕನ್ನು ಬರೆದವರೆಲ್ಲ ಗುರುತಿಸಿದ್ದಾರೆ. ಇನ್ನೊಂದು ಕಾರಣ ಫುಟ್‌ಬಾಲ್: ಕಾಲೇಜಿನ ಪಂದ್ಯವೊಂದರಲ್ಲಾದ ಗಾಯದಿಂದ ಆಸ್ಪತ್ರೆ ಸೇರಿ ಮಲಗಿದ್ದಾಗ, ವೈದ್ಯರ ಕೆಲಸವನ್ನು ರೋಗಿಯ ಹಾಸಿಗೆಯಿಂದ ನೋಡುವ ಅವಕಾಶ ಅವರಿಗೆ ಸಿಕ್ಕಿತು.

ಇಲ್ಲಿ ಫುಟ್‌ಬಾಲ್ ಎಂದಾಗ ಅಮೆರಿಕದವರು ಕೈಯಲ್ಲಿ ಚೆಂಡು ಹಿಡಿದು ಆಡುವ ಆಟವನ್ನೇ ತಾವು ನೆನಪಿಗೆ ತಂದುಕೊಳ್ಳಬೇಕು. 1922ರಲ್ಲಿ ಡ್ರೂ ಕ್ರೀಡಾ ವಿದ್ಯಾರ್ಥಿವೇತನ ಪಡೆದು ಮ್ಯಾಸಚೂಸೆಟ್ಸ್ ರಾಜ್ಯದ ಆಮ್ಹರ್ಸ್ಟ್ ಕಾಲೇಜಿಗೆ ಸೇರಿದಾಗ ಈ ಆಟದ ಸ್ವರೂಪ ಇಂದಿನಂತಿರಲಿಲ್ಲ. ಆಕ್ರಮಣಕ್ಕೆ ಒಂದು ಪಡೆ, ರಕ್ಷಣೆಗೆ ಮತ್ತೊಂದು ಪಡೆ ಎಂದು ಆಟಗಾರರನ್ನು ಬದಲಿಸುವ ಪದ್ಧತಿ ಆಗ ಇರಲಿಲ್ಲವಾದ್ದರಿಂದ, ಚೆಂಡು ಹಿಡಿದು ಎದುರಾಳಿಗಳ ಸಾಲನ್ನು ಸೀಳಿಕೊಂಡು ಓಡುವವನೇ ಮುಂದಿನ ಗಳಿಗೆಯಲ್ಲಿ ಎದುರಾಳಿಯ ಓಟಗಾರನನ್ನು ನೆಲಕ್ಕೆ ಕೆಡವಬೇಕಾಗಿತ್ತು. ತಲೆಗೆ ಇದ್ದದ್ದು ತೊಗಲಿನ ಟೊಪ್ಪಿಗೆ ಮಾತ್ರ. ಡ್ರೂ ಆಡುತ್ತಿದ್ದದ್ದು ಹಾಫ್‌ಬ್ಯಾಕ್ ಸ್ಥಾನದಲ್ಲಿ, ಅಂದರೆ ಚೆಂಡು ಹಿಡಿದು ಓಡುವವನ ಸ್ಥಾನದಲ್ಲಿ. ಮೂರನೆಯ ವರ್ಷ ತಂಡದ ಅತ್ಯಂತ ಮೌಲಿಕ ಆಟಗಾರನಿಗೆ ಕೊಡುವ ಆಶ್ಲೇ ಟ್ರೋಫಿ ಅವರಿಗೆ ಬಂತು. 1926ರಲ್ಲಿ ಪದವಿ ಮುಗಿಸುವಾಗ, ನಾಲ್ಕು ವರ್ಷಗಳಲ್ಲಿ ಕಾಲೇಜಿನ ಕ್ರೀಡೆಗೆ ಅತಿ ಹೆಚ್ಚು ಕೊಡುಗೆ ನೀಡಿದವರಿಗೆ ಮೀಸಲಾದ ಮಾಸ್‌ಮನ್ ಟ್ರೋಫಿಯೂ ಬಂತು. ಟ್ರ್ಯಾಕ್ ತಂಡಕ್ಕೆ ಅವರೇ ನಾಯಕರು, ಹರ್ಡಲ್ಸ್ ಓಟದಲ್ಲಿ ಹೆಸರಾದವರು.

ಆದರೆ ಫುಟ್‌ಬಾಲ್ ತಂಡದ ನಾಯಕತ್ವ ಮಾತ್ರ ಅವರಿಗೆ ಸಿಗಲಿಲ್ಲ, ಮತ್ತು ಅದು ಏಕೆ ಸಿಗಲಿಲ್ಲ ಎಂಬುದು ಕ್ಯಾಂಪಸ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರಾವಿಡೆನ್ಸ್ ನಗರದಲ್ಲಿ ಒಮ್ಮೆ ಓಟದ ಸ್ಪರ್ಧೆ ಮುಗಿಸಿ ತಂಡ ಊಟಕ್ಕೆ ಹೋದಾಗ, ಹೋಟೆಲಿನವರು ಕಪ್ಪು ಓಟಗಾರರಿಗೆ ಊಟ ಬಡಿಸಲು ಒಪ್ಪಲಿಲ್ಲ. ಅವರು ಬ್ರೌನ್ ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ಉಂಡು, ಅದೇ ತಂಡದ ಬಿಳಿ ಗೆಳೆಯರೊಂದಿಗೆ ಊರಿಗೆ ಹಿಂದಿರುಗಿದರು. ಆ ಕಪ್ಪು ವಿದ್ಯಾರ್ಥಿಗಳ ಪುಟ್ಟ ಗುಂಪಿನಲ್ಲಿ ಮುಂದೆ ದೇಶದ ಪ್ರಮುಖ ಅಂಗರಚನಾಶಾಸ್ತ್ರಜ್ಞರಾದ ಮಾಂಟೇಗ್ ಕಾಬ್ ಇದ್ದರು. ಅದೇ ಅವಧಿಯಲ್ಲಿ ಆಮ್ಹರ್ಸ್ಟ್‌ನಲ್ಲಿ ಓದಿದ ವಿಲಿಯಂ ಹೇಸ್ಟಿ ಮುಂದೆ ಫೆಡರಲ್ ನ್ಯಾಯಾಧೀಶರಾದರು.

ಆಟದಿಂದ ಶಿಸ್ತು ಬರುತ್ತದೆ ಎಂಬ ಮಾತನ್ನು ನಮ್ಮ ಕಾಲೇಜು ವಾರ್ಷಿಕೋತ್ಸವಗಳಲ್ಲಿ ಎಷ್ಟು ಸಲ ಹೇಳಿದ್ದೇವೆಂದರೆ ಅದಕ್ಕೆ ಈಗ ಅರ್ಥವೇ ಉಳಿದಿಲ್ಲ. ಡ್ರೂ ಅವರ ಆಮ್ಹರ್ಸ್ಟ್ ಅಂಕಪಟ್ಟಿ ಕೂಡ ಅಂಥ ಭಾಷಣಕ್ಕೆ ಒದಗುವಂಥದ್ದಲ್ಲ, ಏಕೆಂದರೆ ಜೀವಶಾಸ್ತ್ರವನ್ನು ಬಿಟ್ಟರೆ ಅವರ ಅಂಕಗಳು ಸಾಧಾರಣವಾಗಿದ್ದವು. ಅವರ ಕೋಚ್ ಆಗಿದ್ದ ಟಸ್ ಮೆಕ್‌ಲಾಫ್ರಿ ಆಮೇಲೆ ಬ್ರೌನ್ ಮತ್ತು ಡಾರ್ಟ್‌ಮತ್‌ಗಳಂಥ ದೊಡ್ಡ ಸಂಸ್ಥೆಗಳಲ್ಲಿ ದಶಕಗಳ ಕಾಲ ತರಬೇತಿ ಕೊಟ್ಟವರು, ಅಜೇಯರೆನಿಸಿದ ತಂಡವನ್ನೂ ಕಟ್ಟಿದವರು. ಅಂಥ ವ್ಯಕ್ತಿ 1952ರಲ್ಲಿ, ಡ್ರೂ ತೀರಿಕೊಂಡ ಎರಡು ವರ್ಷಗಳ ಬಳಿಕ, ತಾವು ತರಬೇತಿ ನೀಡಿದ ಆಟಗಾರರಲ್ಲೆಲ್ಲ ಶ್ರೇಷ್ಠ ಆಟಗಾರ ಆತನೇ ಎಂದು ಪತ್ರಿಕೆಯೊಂದರಲ್ಲಿ ಬರೆದರು. ಒಳ್ಳೆಯ ಕೋಚ್ ಹೇಗಿರುತ್ತಾನೆಂಬುದನ್ನು ಡ್ರೂ ಮೆಕ್‌ಲಾಫ್ರಿ ಅವರಲ್ಲಿ ಕಂಡಿದ್ದರು. ಅಂಕಗಳಿಗಿಂತ ಬಾಳಿಕೆ ಬಂದ ಪಾಠ ಅದೇ ಎಂದು ನನಗೆ ಅನ್ನಿಸುತ್ತದೆ.

ವೈದ್ಯಕೀಯ ಕಾಲೇಜಿಗೆ ಸೇರಲು ಕೈಯಲ್ಲಿ ದುಡ್ಡಿರಲಿಲ್ಲ. ಬಾಲ್ಟಿಮೋರ್‌ನ ಮಾರ್ಗನ್ ಕಾಲೇಜಿನಲ್ಲಿ ಎರಡು ವರ್ಷ ಕ್ರೀಡಾ ನಿರ್ದೇಶಕರಾಗಿ, ಜೊತೆಗೆ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದ ಅಧ್ಯಾಪಕರಾಗಿ ದುಡಿದು ಹಣ ಕೂಡಿಸಿದರು. ಕಪ್ಪು ವೈದ್ಯರನ್ನು ತಯಾರು ಮಾಡುತ್ತಿದ್ದ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯ, ಇಂಗ್ಲಿಷ್ ವಿಷಯದಲ್ಲಿ ಕ್ರೆಡಿಟ್ ಸಾಲದೆಂದು ಅವರ ಅರ್ಜಿಯನ್ನು ತಿರಸ್ಕರಿಸಿತು. ಮುಂದೆ ಅದೇ ಸಂಸ್ಥೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಇವರು ಮುಖ್ಯಸ್ಥರಾಗಲಿದ್ದರು. ಹಾರ್ವರ್ಡ್ ಒಂದು ವರ್ಷ ಕಾಯಬೇಕೆಂದಿತು. ಕಾಯಲು ಮನಸ್ಸಿಲ್ಲದೆ ಡ್ರೂ 1928ರಲ್ಲಿ ಗಡಿ ದಾಟಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿದರು. ಆಮ್ಹರ್ಸ್ಟ್‌ನ ಸಾಧಾರಣ ವಿದ್ಯಾರ್ಥಿ ಇಲ್ಲಿ ಬೇರೆಯೇ ಮನುಷ್ಯ: 1933ರಲ್ಲಿ 137 ವಿದ್ಯಾರ್ಥಿಗಳ ತರಗತಿಯಲ್ಲಿ ಎರಡನೆಯ ಸ್ಥಾನ, ವೈದ್ಯಕೀಯದಲ್ಲಿ ಕಠಿಣ ಪರೀಕ್ಷೆ ನಡೆಸಿ ಕೊಡುವ ವಿಲಿಯಮ್ಸ್ ಬಹುಮಾನ, ಮತ್ತು ಈ ನಡುವೆ ಬಿಡದ ಓಟ, ಮೆಕ್‌ಗಿಲ್‌ನ ಟ್ರ್ಯಾಕ್ ತಂಡಕ್ಕೂ ಅವರೇ ನಾಯಕರು.

ಮೆಕ್‌ಗಿಲ್‌ನಲ್ಲಿ ಪಾಠ ಹೇಳುತ್ತಿದ್ದ ಬ್ರಿಟನ್ನಿನ ಜಾನ್ ಬೀಟಿ ಅವರಿಂದ ಡ್ರೂ ಅವರಿಗೆ ಆಘಾತ ಸ್ಥಿತಿ, ಅಂದರೆ ವೈದ್ಯರು ಶಾಕ್ ಎನ್ನುವ ಅವಸ್ಥೆಯ ಬಗ್ಗೆ ಆಸಕ್ತಿ ಹುಟ್ಟಿತು. ಇಲ್ಲಿರುವ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ತೀವ್ರ ಗಾಯವಾಗಿ ಅಥವಾ ಮೈ ಸುಟ್ಟು ರಕ್ತನಾಳಗಳೊಳಗಿನ ದ್ರವದ ಪ್ರಮಾಣ ಕುಸಿದಾಗ, ಹೃದಯ ಎಷ್ಟೇ ಬಡಿದುಕೊಂಡರೂ ಅಂಗಾಂಗಗಳಿಗೆ ರಕ್ತ ಸಾಲದು; ನಾಡಿ ಓಡುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಚರ್ಮ ತಣ್ಣಗಾಗಿ ಬೆವರುತ್ತದೆ, ಮೂತ್ರ ನಿಲ್ಲುತ್ತದೆ. ಗಾಯವನ್ನು ಎಷ್ಟು ಚೆನ್ನಾಗಿ ಹೊಲಿದರೂ ಈ ದ್ರವವನ್ನು ತುಂಬದಿದ್ದರೆ ರೋಗಿ ಉಳಿಯುವುದಿಲ್ಲ.

1935ರಲ್ಲಿ ಡ್ರೂ ಹೊವಾರ್ಡ್‌ಗೆ ಅಧ್ಯಾಪಕರಾಗಿ ಬಂದರು. 1938ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ ಅದಕ್ಕೆ ಸೇರಿದ ಪ್ರೆಸ್‌ಬಿಟೀರಿಯನ್ ಆಸ್ಪತ್ರೆಗೂ ಹೋದರು. ಕಪ್ಪು ವೈದ್ಯನೊಬ್ಬ ಬಿಳಿಯ ರೋಗಿಗಳನ್ನು ಮುಟ್ಟಿ ನೋಡುವುದು ಅಂದಿನ ಪದ್ಧತಿಯಾಗಿರಲಿಲ್ಲ. ಆದ್ದರಿಂದ ಅಲ್ಲಿನ ಶಸ್ತ್ರಚಿಕಿತ್ಸಾ ಮುಖ್ಯಸ್ಥ ಆಲನ್ ವಿಪಲ್, ಡ್ರೂ ಅವರನ್ನು ಜಾನ್ ಸ್ಕಡರ್ ಅವರ ಸಂಶೋಧನಾ ತಂಡಕ್ಕೆ ಕಳುಹಿಸಿದರು. ಬೇರೆ ದಾರಿ ಮುಚ್ಚಿದ್ದರಿಂದ ತೆರೆದ ಈ ಬಾಗಿಲೇ ಅವರನ್ನು ರಕ್ತದ ಕಡೆಗೆ ಒಯ್ದಿತು.

ಈಗ ಮೊದಲ ಕಥೆಗೆ ಬರೋಣ. ಡ್ರೂ ನ್ಯೂಯಾರ್ಕಿಗೆ ಬರುವ ಮೊದಲೇ ರಕ್ತವನ್ನು ಶೇಖರಿಸಿಡುವ ಕೆಲಸ ನಡೆದಿತ್ತು. ಸಿಟ್ರೇಟ್ ಎಂಬ ಲವಣ ಬೆರೆಸಿದರೆ ರಕ್ತ ಹೆಪ್ಪುಗಟ್ಟದು ಎಂಬುದು ಮೊದಲ ಮಹಾಯುದ್ಧದ ಹೊತ್ತಿಗೇ ಗೊತ್ತಿತ್ತು. ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡಿದ್ದ ಸರ್ಜನ್ ನಾರ್ಮನ್ ಬೆಥೂನ್ 1936ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಹೋಗಿ, ರಕ್ತವನ್ನು ವಾಹನದಲ್ಲಿ ಯುದ್ಧಭೂಮಿಯ ಬಳಿಗೇ ಒಯ್ಯುವ ವ್ಯವಸ್ಥೆ ಮಾಡಿದ್ದರು. 1937ರಲ್ಲಿ ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ಶೇಖರಣಾ ಕೇಂದ್ರ ತೆರೆದು ಅದಕ್ಕೆ ಬ್ಲಡ್ ಬ್ಯಾಂಕ್ ಎಂಬ ಹೆಸರಿಟ್ಟಿದ್ದರು. ಹಾಗಾದರೆ ಡ್ರೂ ಮಾಡಿದ್ದೇನು? ಬಾಟಲಿಯೊಳಗೆ ಕೂತ ರಕ್ತ ದಿನದಿಂದ ದಿನಕ್ಕೆ ಹೇಗೆ ಕೆಡುತ್ತದೆ, ಏನು ಮಾಡಿದರೆ ನಿಧಾನವಾಗಿ ಕೆಡುತ್ತದೆ ಎಂಬುದನ್ನು ಅವರು ಒಂದೊಂದಾಗಿ ಅಳೆದು ನೋಡಿದರು. ಕೆಂಪು ರಕ್ತಕಣದೊಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗಿನ ದ್ರವವಾದ ಪ್ಲಾಸ್ಮಾದಲ್ಲಿ ಕಡಿಮೆ. ಕಣ ಸೊರಗುತ್ತಿದ್ದಂತೆ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಆದ್ದರಿಂದ ಪ್ಲಾಸ್ಮಾದಲ್ಲಿ ಪೊಟ್ಯಾಸಿಯಂ ಎಷ್ಟಿದೆಯೆಂದು ಅಳೆದರೆ ಬಾಟಲಿಯ ರಕ್ತಕ್ಕೆ ಎಷ್ಟು ವಯಸ್ಸಾಗಿದೆಯೆಂದು ಹೇಳಬಹುದು. ತಂಪು, ಹೆಪ್ಪುರೋಧಕದ ಪ್ರಮಾಣ, ಬಾಟಲಿಯ ಆಕಾರ, ಸಾಗಿಸುವಾಗಿನ ಕುಲುಕಾಟ, ಹೀಗೆ ಬೇರೆಯವರಿಗೆ ಕ್ಷುಲ್ಲಕವಾಗಿ ಕಾಣುವ ಸಂಗತಿಗಳೆಲ್ಲ ಅವರ ಅಧ್ಯಯನದೊಳಗೆ ಬಂದವು. 1939ರ ಆಗಸ್ಟ್‌ನಲ್ಲಿ ಪ್ರೆಸ್‌ಬಿಟೀರಿಯನ್ ಆಸ್ಪತ್ರೆಯಲ್ಲಿ ಪ್ರಾಯೋಗಿಕ ರಕ್ತನಿಧಿ ಆರಂಭವಾಯಿತು. ಶೇಖರಿಸಿಟ್ಟ ರಕ್ತದ ಕುರಿತ ಪ್ರಬಂಧಕ್ಕೆ 1940ರಲ್ಲಿ ಕೊಲಂಬಿಯಾ ಅವರಿಗೆ ಡಾಕ್ಟರ್ ಆಫ್ ಸೈನ್ಸ್ ಪದವಿ ಕೊಟ್ಟಿತು. ಅಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ಅಮೆರಿಕನ್ ಅವರು. ಆ ನಡುವೆಯೇ ಅಟ್ಲಾಂಟಾದ ಸ್ಪೆಲ್‌ಮನ್ ಕಾಲೇಜಿನ ಅಧ್ಯಾಪಕಿ ಲೆನೋರ್ ರಾಬಿನ್ಸ್ ಅವರೊಂದಿಗೆ ಮದುವೆಯಾಯಿತು. ಮೊದಲ ಮಗಳಿಗೆ ಮನೆಯಲ್ಲಿ ಕರೆಯುವ ಹೆಸರು ಬೀಬೀ. ಬ್ಲಡ್ ಬ್ಯಾಂಕ್ ಎಂಬುದರ ಮೊದಲಕ್ಷರಗಳೇ ಅವು! ಕೆಲಸದ ಹುಚ್ಚಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1940ರಲ್ಲಿ ಜರ್ಮನ್ ವಿಮಾನಗಳು ಬ್ರಿಟನ್ ಮೇಲೆ ಬಾಂಬ್ ಸುರಿಸತೊಡಗಿದವು. ಅಲ್ಲಿ ರಕ್ತ ಪೂರೈಕೆಯ ಹೊಣೆ ಹೊತ್ತಿದ್ದವರಲ್ಲಿ ಒಬ್ಬರು ಅದೇ ಜಾನ್ ಬೀಟಿ. ಗುರು ಹಳೆಯ ಶಿಷ್ಯನಿಗೆ ತಂತಿ ಕಳುಹಿಸಿ ಸಾವಿರಾರು ಬಾಟಲಿ ಪ್ಲಾಸ್ಮಾ ಬೇಕೆಂದರು. ರಕ್ತದಿಂದ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಹಳದಿ ದ್ರವವೇ ಪ್ಲಾಸ್ಮಾ. ಹಲವರ ಪ್ಲಾಸ್ಮಾವನ್ನು ಒಟ್ಟಿಗೆ ಬೆರೆಸಿದಾಗ ಗುಂಪು ಹೊಂದಿಸುವ ತಾಪತ್ರಯ ಅಷ್ಟಾಗಿ ಇರುವುದಿಲ್ಲ, ಇಡೀ ರಕ್ತಕ್ಕಿಂತ ಬಹುಕಾಲ ಉಳಿಯುತ್ತದೆ, ಆಘಾತ ಸ್ಥಿತಿಯಲ್ಲಿರುವವರ ರಕ್ತನಾಳ ತುಂಬಲು ಸಾಕಾಗುತ್ತದೆ. ಬ್ಲಡ್ ಫಾರ್ ಬ್ರಿಟನ್ ಎಂಬ ಆ ಯೋಜನೆ ಆಗಸ್ಟ್‌ನಲ್ಲಿ ಆರಂಭವಾದಾಗ ನ್ಯೂಯಾರ್ಕಿನ ಹಲವು ಆಸ್ಪತ್ರೆಗಳು ತಮಗೆ ತೋಚಿದಂತೆ ರಕ್ತ ತೆಗೆಯುತ್ತಿದ್ದವು. ಹಾಗಾಗಿ ರೋಗಾಣುಗಳು ಸೇರಿಕೊಳ್ಳುವ ಅಪಾಯವಿತ್ತು. ಸಾವಿರಾರು ಮೈಲಿ ದಾಟಿ ಹೋದ ಬಾಟಲಿಯಲ್ಲಿ ಸೋಂಕಿದ್ದರೆ, ಔಷಧವೇ ವಿಷವಾಗುತ್ತದೆ.

ಸೆಪ್ಟೆಂಬರ್‌ನಲ್ಲಿ ವೈದ್ಯಕೀಯ ಮೇಲ್ವಿಚಾರಕರಾಗಿ ಬಂದ ಡ್ರೂ ಮಾಡಿದ ಕೆಲಸದಲ್ಲಿ ಪವಾಡವೇನೂ ಇಲ್ಲ. ಎಲ್ಲ ಆಸ್ಪತ್ರೆಗಳಿಗೂ ಒಂದೇ ವಿಧಾನ, ಒಂದೇ ಬಗೆಯ ಉಪಕರಣ. ದಾನಿಯ ತೋಳು ಸ್ವಚ್ಛಗೊಳಿಸುವುದರಿಂದ ಹಿಡಿದು ಬಾಟಲಿಗೆ ಮುಚ್ಚಳ ಬಿಗಿಯುವವರೆಗೆ ಬರೆದಿಟ್ಟ ಕ್ರಮ. ಹಲವು ಬಾಟಲಿಗಳ ಪ್ಲಾಸ್ಮಾವನ್ನು ಒಟ್ಟುಗೂಡಿಸಿದಾಗ ಒಂದು ರೋಗಾಣು ಪರೀಕ್ಷೆ, ಸೋಂಕುನಿರೋಧಕ ಹಾಗೂ ಸಲೈನ್ ಬೆರೆಸಿ ತುಂಬಿದ ಮೇಲೆ ಮತ್ತೊಂದು ಪರೀಕ್ಷೆ, ಅದರಲ್ಲಿ ತೇರ್ಗಡೆಯಾದದ್ದು ಮಾತ್ರ ಹಡಗಿಗೆ. 1941ರ ಜನವರಿಯಲ್ಲಿ ಯೋಜನೆ ಮುಗಿಯುವ ಹೊತ್ತಿಗೆ ಸುಮಾರು 14,500 ಮಂದಿ ರಕ್ತ ಕೊಟ್ಟಿದ್ದರು, 5,000 ಲೀಟರಿಗೂ ಹೆಚ್ಚು ಪ್ಲಾಸ್ಮಾ ದ್ರವ ಬ್ರಿಟನ್ನಿಗೆ ಹೋಗಿತ್ತು. ಯಾವುದೇ ಒಬ್ಬನ ಚಾಣಾಕ್ಷತೆಯ ಮೇಲೆ ನಿಲ್ಲದೆ ಪ್ರತಿಯೊಬ್ಬನೂ ತನ್ನ ಸ್ಥಾನದಲ್ಲಿ ನಿಂತು ಒಂದೇ ಯೋಜನೆಯಂತೆ ನಡೆದುಕೊಂಡರೆ ಏನಾಗುತ್ತದೆ ಎಂಬುದನ್ನು ಒಬ್ಬ ಹಾಫ್‌ಬ್ಯಾಕ್‌ಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಬಳಿಕ ಅಮೆರಿಕನ್ ರೆಡ್ ಕ್ರಾಸ್ ದೇಶದ ಸೇನೆಗಾಗಿ ನ್ಯೂಯಾರ್ಕಿನಲ್ಲಿ ನಡೆಸಿದ ಪ್ರಾಯೋಗಿಕ ಕಾರ್ಯಕ್ರಮಕ್ಕೂ ಡ್ರೂ ನೆರವಾದರು. ದಾನಿಗಳ ಬಳಿಗೇ ಹೋಗುವ ಸಂಚಾರಿ ವಾಹನಗಳು ಆಗ ಬಳಕೆಗೆ ಬಂದವು. 1941ರ ವಸಂತದಲ್ಲಿ ಅವರು ಹೊವಾರ್ಡ್‌ಗೆ ಹಿಂದಿರುಗಿದರು. ಅದೇ ವರ್ಷದ ಕೊನೆಯಲ್ಲಿ ರೆಡ್ ಕ್ರಾಸ್ ಕಪ್ಪು ದಾನಿಗಳ ರಕ್ತವನ್ನೇ ಬೇಡವೆಂದಿತು. ಗದ್ದಲವಾದ ಮೇಲೆ 1942ರಲ್ಲಿ ಸ್ವೀಕರಿಸಿತಾದರೂ ಬೇರೆಯಾಗಿ ಇಡುವ ಷರತ್ತು ಹಾಕಿತು, 1950ರವರೆಗೂ ಆ ಪದ್ಧತಿ ಉಳಿಯಿತು. ಡ್ರೂ ಇದನ್ನು ಪ್ರತಿಭಟಿಸಿಯೇ ರಾಜೀನಾಮೆ ಕೊಟ್ಟರೆಂದು ಹಲವೆಡೆ ಓದುತ್ತೇವೆ, ಆದರೆ ತಾರೀಖುಗಳು ಅದಕ್ಕೆ ಹೊಂದುವುದಿಲ್ಲ; ನೀತಿ ಪ್ರಕಟವಾಗುವ ಮೊದಲೇ ಅವರು ವಾಷಿಂಗ್ಟನ್ ಸೇರಿದ್ದರು. ಆ ನೀತಿಯನ್ನು ಅವರು ಖಂಡಿಸಿದ್ದಂತೂ ನಿಜ. ರಕ್ತಕ್ಕೆ ಜನಾಂಗವಿದೆ ಎಂಬುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲವೆಂದು ಬಹಿರಂಗವಾಗಿಯೇ ಹೇಳಿದರು.

ಕೀರ್ತಿಯ ತುತ್ತತುದಿಯಲ್ಲಿದ್ದಾಗ ನ್ಯೂಯಾರ್ಕ್ ಬಿಟ್ಟು, ಹಣವೂ ಸೌಕರ್ಯವೂ ಕಡಿಮೆಯಿದ್ದ ಹೊವಾರ್ಡ್‌ಗೆ ಏಕೆ ಹೋದರು? ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಕೀಲಿ ಇಲ್ಲಿದೆ. 1910ರಲ್ಲಿ ಅಮೆರಿಕದ ವೈದ್ಯಕೀಯ ಶಿಕ್ಷಣದ ಬಗ್ಗೆ ಬಂದ ಫ್ಲೆಕ್ಸ್‌ನರ್ ವರದಿಯ ತರುವಾಯ ಕಪ್ಪು ಜನರಿಗೆಂದಿದ್ದ ಏಳು ವೈದ್ಯಕೀಯ ಕಾಲೇಜುಗಳಲ್ಲಿ ಐದು ಮುಚ್ಚಿಹೋಗಿ, ಹೊವಾರ್ಡ್ ಮತ್ತು ನ್ಯಾಶ್‌ವಿಲ್‌ನ ಮೆಹ್ಯಾರಿ ಮಾತ್ರ ಉಳಿದಿದ್ದವು. ಎಂ.ಡಿ. ಪದವಿ ಸಿಕ್ಕರೂ ಸರ್ಜನ್ ಆಗಲು ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಪಡೆಯುವ ವಿಶೇಷ ತರಬೇತಿ ಬೇಕು, ರೆಸಿಡೆನ್ಸಿ ಕೊಡುವ ಆಸ್ಪತ್ರೆಗಳು ಕಪ್ಪು ವೈದ್ಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ; ರೆಸಿಡೆನ್ಸಿ ಇಲ್ಲದೆ ಅಮೆರಿಕನ್ ಬೋರ್ಡ್ ಆಫ್ ಸರ್ಜರಿಯ ಪರೀಕ್ಷೆಗೆ ಕೂರುವಂತಿಲ್ಲ, ಬೋರ್ಡ್ ಪ್ರಮಾಣಪತ್ರ ಇಲ್ಲದವರಿಗೆ ಒಳ್ಳೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಲು ಅವಕಾಶವಿಲ್ಲ. ಈ ವರ್ತುಲವನ್ನು ಒಳಗಿನಿಂದಲೇ ಒಡೆಯಬೇಕಾಗಿತ್ತು.

1941ರಲ್ಲಿ ಡ್ರೂ ಸ್ವತಃ ಬೋರ್ಡ್ ಪರೀಕ್ಷೆ ಮುಗಿಸಿದರು. ಅದೇ ವರ್ಷ ಬೋರ್ಡ್ ಅವರನ್ನು ಪರೀಕ್ಷಕರಾಗಿ ನೇಮಿಸಿತು, ಕಪ್ಪು ಜನಾಂಗದಲ್ಲಿ ಆ ಸ್ಥಾನ ಪಡೆದ ಮೊದಲಿಗರು ಅವರು. ಹೊವಾರ್ಡ್‌ನ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿ, ಫ್ರೀಡ್‌ಮನ್ಸ್ ಆಸ್ಪತ್ರೆಯ ಮುಖ್ಯ ಸರ್ಜನ್ ಆಗಿ ಅವರು ಒಂಬತ್ತು ವರ್ಷ ಮಾಡಿದ್ದು ತಂಡ ಕಟ್ಟುವ ಕೆಲಸ. 1948ರಲ್ಲಿ ಅವರ ರೆಸಿಡೆಂಟರು ಬೋರ್ಡ್ ಪರೀಕ್ಷೆಗೆ ಕೂತಾಗ, ದೇಶದ ಶ್ರೀಮಂತ ವಿಶ್ವವಿದ್ಯಾಲಯಗಳಿಂದ ಬಂದವರ ನಡುವೆ ಮುಂಚೂಣಿಯಲ್ಲಿ ಕಾಣಿಸಿಕೊಂಡರು. 1941ರಿಂದ 1950ರವರೆಗೆ ಬೋರ್ಡ್ ಪ್ರಮಾಣಪತ್ರ ಪಡೆದ ಕಪ್ಪು ಸರ್ಜನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಡ್ರೂ ಅವರ ಕೈಕೆಳಗೆ ಕಲಿತವರು. ಅವರಲ್ಲಿ ಆಸಾ ಯಾನ್ಸಿ ಅವರ ಹೆಸರನ್ನು ಸರ್ಜರಿ ವಿದ್ಯಾರ್ಥಿಗಳು ನೆನಪಿಡಬೇಕು. ಹುಟ್ಟಿನಿಂದಲೇ ದೊಡ್ಡ ಕರುಳಿನ ತುದಿಯಲ್ಲಿ ನರಕೋಶಗಳಿಲ್ಲದೆ ಮಲ ಮುಂದೆ ಸಾಗದ ಹಿರ್ಷ್‌ಸ್ಪ್ರಂಗ್ ಕಾಯಿಲೆಗೆ, ರೋಗಗ್ರಸ್ತ ಭಾಗದ ಒಳಪದರ ತೆಗೆದು ಆ ಕೊಳವೆಯೊಳಗಿಂದಲೇ ಆರೋಗ್ಯವಂತ ಕರುಳನ್ನು ಕೆಳಗೆಳೆದು ಜೋಡಿಸುವ ವಿಧಾನವನ್ನು ಯಾನ್ಸಿ 1952ರಲ್ಲೇ ಪ್ರಕಟಿಸಿದ್ದರು. ಕಪ್ಪು ವೈದ್ಯರ ನಿಯತಕಾಲಿಕೆಯಲ್ಲಿ ಬಂದದ್ದನ್ನು ಹೆಚ್ಚು ಜನ ಓದಲಿಲ್ಲ. ಎಂಟು ವರ್ಷದ ಮೇಲೆ ಅಂಥದೇ ವಿಧಾನವನ್ನು ಪ್ರಕಟಿಸಿದ ಇಟಲಿಯ ಸೊಆವೆ ಅವರ ಹೆಸರಿನಿಂದಲೇ ಇಂದು ಆ ಶಸ್ತ್ರಚಿಕಿತ್ಸೆಯನ್ನು ನಾವು ಕರೆಯುತ್ತೇವೆ.

ಇಷ್ಟಾದರೂ ವಾಷಿಂಗ್ಟನ್ನಿನ ಸ್ಥಳೀಯ ವೈದ್ಯರ ಸಂಘ ಕಪ್ಪು ವೈದ್ಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಸ್ಥಳೀಯ ಸಂಘದ ಸದಸ್ಯತ್ವವಿಲ್ಲದೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಒಳಗೆ ಹೋಗುವಂತಿಲ್ಲ. 1947ರಲ್ಲಿ ಡ್ರೂ ಇದರ ವಿರುದ್ಧ ಕಟುವಾಗಿಯೇ ಪತ್ರ ಬರೆದರು. ಅದೇ ವರ್ಷ ಟೆಕ್ಸಸ್‌ನ ಶಾಲಾ ಶಿಕ್ಷಕಿಯೊಬ್ಬರಿಗೆ ಬರೆದ ಇನ್ನೊಂದು ಪತ್ರದಲ್ಲಿ, ತಮ್ಮ ಜನರ ಶಕ್ತಿಯಲ್ಲಿ ಬಹುಪಾಲು ಈ ಅಡೆತಡೆಗಳನ್ನು ದಾಟುವುದಕ್ಕೇ ಖರ್ಚಾಗಿ, ಹೊಸದನ್ನು ಸೃಷ್ಟಿಸಲು ಉಳಿಯುವುದು ಸ್ವಲ್ಪ ಮಾತ್ರ ಎಂಬ ಅರ್ಥದ ಮಾತುಗಳಿವೆ. ಡ್ರೂ ಅವರ ಬಗ್ಗೆ ಬರೆಯುವಾಗ ಅಡೆತಡೆಗಳೇ ಅವರನ್ನು ಬೆಳೆಸಿದವು ಎನ್ನುವವರಿಗೆ ಈ ಪತ್ರವನ್ನು ತೋರಿಸಬೇಕು ಎಂದು ನನಗೆ ಪದೇಪದೇ ಅನ್ನಿಸಿದೆ.

ಕೊನೆಗೆ ಎರಡನೆಯ ಕಥೆ. ಅಲಬಾಮಾದ ಟಸ್ಕೀಗಿಯಲ್ಲಿ ಪ್ರತಿ ವರ್ಷ ನಡೆಯುತ್ತಿದ್ದ ಉಚಿತ ಚಿಕಿತ್ಸಾ ಶಿಬಿರಕ್ಕೆ ಡ್ರೂ ಹಾಗೂ ಮೂವರು ಸಹವೈದ್ಯರು ಕಾರಿನಲ್ಲಿ ಹೊರಟಿದ್ದರು. ಕಪ್ಪು ಪ್ರಯಾಣಿಕರಿಗೆ ದಕ್ಷಿಣದ ದಾರಿಯಲ್ಲಿ ತಂಗಲು ಹೋಟೆಲು ಸಿಗುವುದೇ ಕಷ್ಟವಾಗಿದ್ದ ಕಾಲ, ರಾತ್ರಿಯಿಡೀ ಪ್ರಯಾಣ. 1950ರ ಏಪ್ರಿಲ್ 1ರ ಬೆಳಿಗ್ಗೆ, ನಾರ್ತ್ ಕೆರೊಲಿನಾದ ಬರ್ಲಿಂಗ್ಟನ್ ಸಮೀಪ, ಕಾರು ಓಡಿಸುತ್ತಿದ್ದ ಡ್ರೂ ಅವರಿಗೆ ನಿದ್ದೆಯ ಜೊಂಪು ಹತ್ತಿತು. ಕಾರು ರಸ್ತೆ ಬಿಟ್ಟು ಉರುಳಿತು. ಅವರನ್ನು ಹತ್ತಿರದ ಅಲಮಾನ್ಸ್ ಜನರಲ್ ಆಸ್ಪತ್ರೆಗೆ ಸೇರಿಸಲಾಯಿತು; ಅಲ್ಲಿನ ಬಿಳಿಯ ವೈದ್ಯರು ತಮ್ಮಿಂದಾದುದನ್ನೆಲ್ಲ ಮಾಡಿದರು. ಎದೆ ಮತ್ತು ತಲೆಗಾದ ಗಾಯಗಳು ಬದುಕುವಂಥವಾಗಿರಲಿಲ್ಲ. ಕಾರಿನಲ್ಲಿದ್ದು ಬದುಕುಳಿದ ಡಾ. ಜಾನ್ ಫೋರ್ಡ್, ಚಿಕಿತ್ಸೆ ನಿರಾಕರಿಸಿದರೆಂಬ ಮಾತನ್ನು ಮುಂದೆ ಸ್ಪಷ್ಟವಾಗಿ ತಳ್ಳಿಹಾಕಿದರು.

ಹಾಗಾದರೆ ಆ ಕಥೆಯನ್ನು ಲಕ್ಷಾಂತರ ಜನ ಏಕೆ ನಂಬಿದರು? ಅದೇ ವರ್ಷದ ಡಿಸೆಂಬರ್‌ನಲ್ಲಿ, ಅದೇ ಅಲಮಾನ್ಸ್ ಕೌಂಟಿಯಲ್ಲಿ, ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದು ಕಾಲೇಜಿನಲ್ಲಿ ಓದುತ್ತಿದ್ದ ಕಪ್ಪು ಯುವಕನೊಬ್ಬ ಕಾರು ಅಪಘಾತದಲ್ಲಿ ಗಾಯಗೊಂಡ. ದೊಡ್ಡ ಆಸ್ಪತ್ರೆಗೆ ಸಾಗಿಸಿದಾಗ, ಕಪ್ಪು ರೋಗಿಗಳ ವಾರ್ಡಿನಲ್ಲಿ ಹಾಸಿಗೆ ಖಾಲಿಯಿಲ್ಲವೆಂದು ಅವರು ಹಿಂದೆ ಕಳುಹಿಸಿದರು, ಯುವಕ ಉಳಿಯಲಿಲ್ಲ. ಜನರ ನೆನಪಿನಲ್ಲಿ ಎರಡು ಸಾವುಗಳು ಬೆಸೆದುಕೊಂಡವು. ಡ್ರೂ ಅವರ ಬಗ್ಗೆ ಹೇಳಿದ ಕಥೆ ಸುಳ್ಳು, ಅದನ್ನು ಹುಟ್ಟಿಸಿದ ಅನುಭವ ಸುಳ್ಳಲ್ಲ.

ಬದುಕಿದ್ದಾಗ, ಸರ್ಜನ್‌ಗಳ ವೃತ್ತಿಸಂಘವಾದ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಡ್ರೂ ಅವರನ್ನು ಫೆಲೋ ಆಗಿ ಸೇರಿಸಿಕೊಂಡಿರಲಿಲ್ಲ. 1951ರಲ್ಲಿ, ಅವರು ತೀರಿಕೊಂಡ ಮರುವರ್ಷ ಆ ಗೌರವ ಬಂತು. ಅವರ ಕೊನೆಯ ವರ್ಷಗಳಲ್ಲಿ ಹೊವಾರ್ಡ್‌ನ ತರಗತಿಯಲ್ಲಿ ಕುಳಿತು ಪಾಠ ಕೇಳಿದ್ದ ವಿದ್ಯಾರ್ಥಿ ಲಸಾಲ್ ಲೆಫಾಲ್, ಮುಂದೆ ಕ್ಯಾನ್ಸರ್ ಗೆಡ್ಡೆಗಳ ಶಸ್ತ್ರಚಿಕಿತ್ಸೆಯಲ್ಲಿ ಪರಿಣತರಾಗಿ, ಡ್ರೂ ಕುಳಿತಿದ್ದ ವಿಭಾಗ ಮುಖ್ಯಸ್ಥರ ಸ್ಥಾನದಲ್ಲಿ ಇಪ್ಪತ್ತೈದು ವರ್ಷ ಕುಳಿತರು. 1995ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅವರನ್ನೇ ತನ್ನ ಅಧ್ಯಕ್ಷರನ್ನಾಗಿ ಆರಿಸಿತು.